ಒಂದು ಓದಿದರೆ ಇನ್ನೊಂದು ಮರೆಯುತ್ತಿದ್ದರೆ

ಎಸ್‌ಎಸ್‌ಎಲ್‌ಸಿ ಓದುತ್ತಿರುವ ಮಗಳು ವಿಜ್ಞಾನ ಮುಗಿಸಿ ಸಮಾಜಕ್ಕೆ ಬರುವಷ್ಟರಲ್ಲಿ ವಿಜ್ಞಾನ ಮರೆಯುತ್ತಾಳೆ, ಮಂಡ್ಯದಿಂದ ಮೈಸೂರಿಗೆ ಟ್ಯೂಷನ್ನಿಗೆ ಕಳಿಸಬೇಕಾ ಅಂದಿರಿ. ಒಂದೇ ವಿಷಯಕ್ಕೆ ಇಡೀ ವಾರ ಕೊಡುವುದೇ ಬಹುಶಃ ಕಾರಣ.

ಮೊದಲು ದಿನಕ್ಕೆ ಮೂರು ವಿಷಯ ಮಾಡಿ. ಬೆಳಿಗ್ಗೆ ಗಣಿತ, ಸಂಜೆ ವಿಜ್ಞಾನ ಇಲ್ಲವೇ ಸಮಾಜ, ರಾತ್ರಿ ಭಾಷೆ. ಓದಿದ ಮೇಲೆ ಪುಸ್ತಕ ಮುಚ್ಚಿ ಬರೆಯಲಿ, ಇದು ತುಂಬಾ ಮುಖ್ಯ. ಹೃದಯದ ಚಿತ್ರವಾದರೆ ನೋಡದೆ ಬಿಡಿಸಿ ಭಾಗ ಗುರುತಿಸಲಿ. ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಲಿ. ಮರುದಿನ ಓದು ಶುರುವಾಗುವುದು ಆ ಕೆಂಪು ಅಕ್ಷರಗಳಿಂದ.

ಭಾನುವಾರ ಗಡಿಯಾರ ಇಟ್ಟು ಒಂದು ಮಾದರಿ ಪ್ರಶ್ನೆಪತ್ರಿಕೆ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 100, ಉಳಿದವಕ್ಕೆ 80 ಅಂಕದ ಬರವಣಿಗೆ ಇರುತ್ತದೆ, ಕೈಗೂ ಅಭ್ಯಾಸ ಬೇಕು ಅಲ್ವಾ.

ಟ್ಯೂಷನ್ನಿಗೆ ಮಂಡ್ಯದಿಂದ ಮೈಸೂರಿಗೆ ಈಗಲೇ ಕಳಿಸಬೇಡಿ, ಸುಮ್ನೆ ಓಡಾಟ ಜಾಸ್ತಿ. ಗಣಿತದಲ್ಲಿ ಹಿಂದಿನ ತರಗತಿಯ ಲೆಕ್ಕಗಳೇ ಬರದಿದ್ದರೆ ಮಾತ್ರ ಇಷ್ಟು ಸಾಲದೇನೋ. ಆಗ ಶಾಲೆಯ ಗಣಿತ ಮೇಷ್ಟ್ರನ್ನೇ ಮೊದಲು ಕೇಳಿ.