ಪಾಠವೋ, ಸುಮ್ಮನೆಯೋ

ಮಾರ್ಚ್ ತಿಂಗಳು ಬಂತೆಂದರೆ ಮಕ್ಕಳಿಗೆ ಮನೆಯಲ್ಲೇ ಕಲಿಸುವ ತಂದೆತಾಯಂದಿರು ಆಪ್ತಸಲಹೆಗೆಂದು ನನ್ನ ಬಳಿ ಹೆಚ್ಚು ಬರುತ್ತಾರೆ. ಏಕೆಂದು ಅರ್ಥವಾಗಲು ನನಗೆ ಎರಡು ಮೂರು ವರ್ಷ ಹಿಡಿಯಿತು. ಬೆಂಗಳೂರಿಗೆ ವಸಂತವೆಂದರೆ ಪರೀಕ್ಷೆಯ ಕಾಲ. ರಸ್ತೆಬದಿಯ ಟಬೆಬುಯಾ ಹೂಬಿಟ್ಟು ನಿಂತಿರುತ್ತದೆ, ಹೊಂಗೆ ಚಿಗುರಿರುತ್ತದೆ, ಮನೆಮನೆಯೊಳಗೆ ಮಕ್ಕಳು ಪುಸ್ತಕ ಹಿಡಿದು ತೂಕಡಿಸುತ್ತಿರುತ್ತವೆ. ಅಂಥ ದಿನಗಳಲ್ಲಿ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮಗಳ ಕೈಹಿಡಿದು ಬಸ್ ಹತ್ತಿದರೆ ಕಂಡಕ್ಟರ್ ಕೇಳುತ್ತಾರೆ, ಪಕ್ಕದ ಸೀಟಿನ ಅಜ್ಜಿಯೂ ಕೇಳುತ್ತಾರೆ: "ಸ್ಕೂಲಿಲ್ಲವೇ ಪುಟ್ಟಾ? ಯಾವ ಕ್ಲಾಸು?" ವರ್ಷವಿಡೀ ಹೇಗೋ ಕಾಪಾಡಿಕೊಂಡು ಬಂದ ಧೈರ್ಯ ಆಗ ಕುಸಿಯುತ್ತದೆ.

ಈ ತಾಯಿಯೂ ಹಾಗೆಯೇ ಬಂದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಗಳಿಗೆ ಒಂಬತ್ತು ವರ್ಷ. ಶಾಲೆಗೆ ಸೇರಿಸಿದ್ದ ಒಂದೂವರೆ ವರ್ಷ ಅವಳು ಬೆಳಗಾದರೆ ವಾಂತಿ ಮಾಡುತ್ತಿದ್ದಳು. ಬಿಡಿಸಿದರು, ವಾಂತಿ ನಿಂತಿತು. ತಾಯಿ ಬ್ಯಾಂಕಿನ ಕೆಲಸ ಬಿಟ್ಟರು, ತಂದೆಯದು ಕಂಪನಿ ಕೆಲಸ. ಮೊದಲೆರಡು ವರ್ಷ ಎಲ್ಲವೂ ಚೆನ್ನಾಗಿಯೇ ಇತ್ತು. ಈಗ ಹುಡುಗಿ ಹೊರಗೆ ಹೊರಟರೆ ಮಂಕಾಗುತ್ತಾಳೆ. ಮೊದಲು ದಾರಿಯುದ್ದಕ್ಕೂ ಪ್ರಶ್ನೆ ಕೇಳುತ್ತಿದ್ದವಳು ಈಗ ಏನು ಕೇಳಿದರೂ "ಗೊತ್ತಿಲ್ಲ" ಎನ್ನುತ್ತಾಳೆ. ಕಲಿಕೆಯ ತೊಂದರೆ ಇರಬಹುದೇ ಎಂದು ತಾಯಿಗೆ ಭಯ.

ಜೊತೆಗೆ ನಾಲ್ಕು ದಪ್ಪ ಫೈಲುಗಳನ್ನು ತಂದಿದ್ದರು. ಹೋದ ಕಡೆಯ ಫೋಟೋ, ಕೆಳಗೆ ಹುಡುಗಿಯ ಗುಂಡನೆಯ ಅಕ್ಷರ. ಲಾಲ್‌ಬಾಗ್ ಗಾಜಿನ ಮನೆ, 1889. ಲಾಲ್‌ಬಾಗ್ ಬಂಡೆ, ವಯಸ್ಸು ಸುಮಾರು 300 ಕೋಟಿ ವರ್ಷ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಸನ್ನೆಕೋಲಿನ ಚಿತ್ರ. ಯುಗಾದಿಯ ಹಿಂದಿನ ದಿನ ಕೆ.ಆರ್. ಮಾರುಕಟ್ಟೆ: ಮಾವಿನೆಲೆ ಒಂದು ಕಟ್ಟಿಗೆ ಎಷ್ಟು, ಐದು ಕಟ್ಟಿಗೆ ಎಷ್ಟು. ಹಬ್ಬದ ದಿನದ ಪುಟದಲ್ಲಿ ಹೀಗಿತ್ತು: "ಬೇವು 1 ಚಮಚ, ಬೆಲ್ಲ 4 ಚಮಚ. ಅನುಪಾತ 1:4." ನಾನು ನಕ್ಕುಬಿಟ್ಟೆ. ತಾಯಿ ನಗಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಿಬಿಡಬೇಕು. ಮಾತಿಗೆ ಎಳೆಯಲೆಂದು ಹುಡುಗಿಯನ್ನು ಕೇಳಿದೆ: "ಲಾಲ್‌ಬಾಗ್‌ನಲ್ಲಿ ಏನೇನು ನೋಡಿದೆ?" ಅವಳು ಬೆನ್ನು ನೇರ ಮಾಡಿಕೊಂಡು 1889, 300 ಕೋಟಿ ಎಂದು ಒಪ್ಪಿಸಿದಳು. ಚುರುಕು ಮಗು ಎಂದು ಬರೆದುಕೊಂಡೆ. ಬಸ್ಸಿನ ಅಜ್ಜಿ ಕೇಳಿದ್ದನ್ನೇ ನಾನೂ ಕೇಳಿದ್ದೆ, ಸ್ವಲ್ಪ ನಾಜೂಕಾಗಿ, ಅಷ್ಟೆ.

ಎರಡನೆಯ ಭೇಟಿಗೆ ಅವರು ಬಂದದ್ದು ಏಪ್ರಿಲ್ ಮೊದಲ ವಾರ. ನನ್ನ ಕೋಣೆಯ ಕಿಟಕಿಗೆ ಒಂದು ಹೊಂಗೆಮರ ತಾಗಿಕೊಂಡಿದೆ. ಆ ದಿನಗಳಲ್ಲಿ ಕಿಟಕಿಯ ಕಟ್ಟೆಯ ಮೇಲೆ, ಕೆಳಗೆ ನಿಲ್ಲಿಸಿದ ಸ್ಕೂಟರುಗಳ ಸೀಟಿನ ಮೇಲೆ ಪುಟ್ಟ ಹೂಗಳು ಅರಳು ಹುರಿದು ಚೆಲ್ಲಿದಂತೆ ಬಿದ್ದಿರುತ್ತವೆ. ತಾಯಿಯನ್ನು ಹೊರಗೆ ಕೂರಿಸಿ ಬಂದೆ. ಹುಡುಗಿ ಕಿಟಕಿಯ ಬಳಿ ನಿಂತು ಒಂದು ಹೂವನ್ನು ಉಗುರಿನಿಂದ ಬಿಡಿಸಿ ಒಳಗೆ ಇಣುಕುತ್ತಿದ್ದಳು. "ಅದು ಹೊಂಗೆ ಹೂವು" ಎಂದೆ. ಕೈ ಅಲ್ಲಿಗೇ ನಿಂತಿತು. ಹೂವನ್ನು ಕಟ್ಟೆಯ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ಆಂಟಿ, ಇದು ಪಾಠವೋ, ಸುಮ್ಮನೆಯೋ?"

ಅರ್ಥವಾಗಲಿಲ್ಲ ಎಂದೆ. ಅವಳಿಗೆ ನನ್ನ ದಡ್ಡತನ ನೋಡಿ ಬೇಸರವಾಗಿರಬೇಕು. "ಪಾಠವಾದರೆ ನೆನಪಿಟ್ಟುಕೊಳ್ಳಬೇಕು. ಸುಮ್ಮನೆಯಾದರೆ ಬೇಡ" ಎಂದು ವಿವರಿಸಿದಳು.

"ಸುಮ್ಮನೆ" ಎಂದೆ.

"ಆಮೇಲೆ ಕೇಳುವುದಿಲ್ಲ ತಾನೆ?"

"ಇಲ್ಲ."

ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ನಂಬಿಕೆ ಬಂದಿರಲಿಲ್ಲ. ನಾನು ಮೇಜಿನ ಕಾಗದಗಳನ್ನು ಜೋಡಿಸುತ್ತ ಕುಳಿತೆ. ಐದು ನಿಮಿಷದ ಮೇಲೆ ಹೂಗಳನ್ನೆಲ್ಲ ಗುಡಿಸಿ ತಂದು ಕಟ್ಟೆಯುದ್ದಕ್ಕೂ ಎರಡು ಸಾಲಾಗಿ ಇಡತೊಡಗಿದಳು. ಬಂದು ನನ್ನ ಪೆನ್ನಿನ ಮುಚ್ಚಳ ಕೇಳಿದಳು. ಅದನ್ನು ಸಾಲುಗಳ ನಡುವೆ ನಿಲ್ಲಿಸಿ, ತುದಿಗೆ ಒಂದು ಹೂ ಸಿಕ್ಕಿಸಿ, "ಕರಗ ಬರುತ್ತಿದೆ, ದಾರಿ ಬಿಡಿ" ಎಂದಳು. ಹಿಂದಿನ ವರ್ಷ ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯ ಹತ್ತಿರ ಅಪ್ಪನ ಹೆಗಲೇರಿ ನೋಡಿದ್ದಳಂತೆ. ಎರಡು ಬದಿಯ ಹೂಗಳು ಕತ್ತಿ ಹಿಡಿದ ವೀರಕುಮಾರರು. ನನ್ನ ಸ್ಟೇಪ್ಲರ್ ಗುಡಿಯಾಯಿತು. ಕರಗ ಎಲ್ಲೂ ವಾಲಬಾರದು, ಆದ್ದರಿಂದ ಮುಚ್ಚಳವನ್ನು ಉಸಿರು ಬಿಗಿಹಿಡಿದು ತಳ್ಳುತ್ತಿದ್ದಳು. ಅರ್ಧ ಗಂಟೆ. "ಗೊತ್ತಿಲ್ಲ" ಎಂಬ ಮಾತು ಒಂದು ಸಲವೂ ಬರಲಿಲ್ಲ.

ತಾಯಿ ಒಳಗೆ ಬಂದರು. ಕಟ್ಟೆಯ ಮೇಲಿನ ಮೆರವಣಿಗೆ ನೋಡಿ ಅವರ ಮುಖ ಅರಳಿತು. "ಓ, ಕರಗ! ದ್ರೌಪದಿಯ ಕಥೆ ಹೇಳಿದೆಯಾ ಆಂಟಿಗೆ? ಹೇಳು ಪುಟ್ಟಿ." ಹುಡುಗಿ ಏನೂ ಹೇಳಲಿಲ್ಲ. ಅಂಗೈಯಿಂದ ಹೂಗಳನ್ನೆಲ್ಲ ಒಂದೇ ಸಲ ಕಿಟಕಿಯಾಚೆಗೆ ಸರಿಸಿ, ಮುಚ್ಚಳವನ್ನು ನನ್ನ ಪೆನ್ನಿಗೆ ಹಾಕಿ ಕೊಟ್ಟಳು.

ಕಲಿಕೆಯ ತೊಂದರೆಯ ಪರೀಕ್ಷೆ ಮಾಡಿಸುವ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ಹುಡುಗಿಯನ್ನು ಹೊರಗೆ ಕಳಿಸಿ, ಫೈಲುಗಳನ್ನು ತೋರಿಸಿ, "ಇವು ಯಾರಿಗಾಗಿ?" ಎಂದು ಕೇಳಿದೆ. ಹಾಸನದಲ್ಲಿರುವ ಅತ್ತೆ ಪ್ರತಿ ಭಾನುವಾರ ಫೋನಿನಲ್ಲಿ ಮೊಮ್ಮಗಳ ಓದು ಎಲ್ಲಿಗೆ ಬಂತೆಂದು ವಿಚಾರಿಸುತ್ತಾರೆ, ಅವರಿಗಾಗಿ ಎಂದರು. ನಾಳೆ ಯಾರಾದರೂ ಅಧಿಕಾರಿ ಕೇಳಿದರೆ ಎಂದರು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಮಾತಾಡುತ್ತದೆ, ಮನೆಶಾಲೆಯನ್ನು ಹೆಸರಿಸುವುದೇ ಇಲ್ಲ. ಹಾಗಾಗಿ ಇಂಥ ತಂದೆತಾಯಂದಿರ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ಎಷ್ಟೋ ಹೊತ್ತಾದ ಮೇಲೆ ಅವರು ಮೆಲ್ಲಗೆ ಹೇಳಿದರು: "ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾದರೆ ದಿನ ಮುಗಿಯಿತೆಂದು ಗೊತ್ತಾಗುತ್ತಿತ್ತು ಮೇಡಂ. ಈಗ ಈ ಫೈಲ್ ಇಲ್ಲದಿದ್ದರೆ ನಾನು ಇಡೀ ದಿನ ಏನು ಮಾಡಿದೆ ಎಂದು ನನಗೇ ತಿಳಿಯುವುದಿಲ್ಲ."

ಆ ಮನೆಯಲ್ಲಿ ಪರೀಕ್ಷೆ ಬರೆಯುತ್ತಿದ್ದವರು ತಾಯಿ. ಮಗಳು ಅವರ ಉತ್ತರಪತ್ರಿಕೆಯಾಗಿದ್ದಳು. ಶಾಲೆಯ ಮಗುವಿಗೆ ನಾಲ್ಕು ಗಂಟೆಗಾದರೂ ಬೆಲ್ ಹೊಡೆಯುತ್ತದೆ; ಚೀಲ ಬಿಸಾಡಿದರೆ ಅಮ್ಮ ಬರೀ ಅಮ್ಮ. ಈ ಹುಡುಗಿಗೆ ಬೆಲ್ಲೇ ಇರಲಿಲ್ಲ. ಬೇವು-ಬೆಲ್ಲ ಬಾಯಿಗೆ ಬೀಳುವ ಮೊದಲೇ ಲೆಕ್ಕವಾಗುತ್ತಿತ್ತು.

ಸಲಹೆ ಕೊಟ್ಟೆ. ಫೈಲ್ ನಿಲ್ಲಿಸಿ ಎನ್ನಲಿಲ್ಲ, ಅದು ಅವರ ಊರುಗೋಲು. ಮಗಳು ಮಲಗಿದ ಮೇಲೆ ನಿಮ್ಮ ಕೈಯಲ್ಲೇ, ನಿಮಗಾಗಿಯೇ ಬರೆದುಕೊಳ್ಳಿ ಎಂದೆ. ವಾರದ ಎರಡು ಸುತ್ತಾಟದಲ್ಲಿ ಒಂದು "ಸುಮ್ಮನೆ": ಎಲ್ಲಿಗೆ, ಎಷ್ಟು ಹೊತ್ತು, ಯಾವಾಗ ವಾಪಸ್ಸು ಎಂಬುದೆಲ್ಲ ಮಗಳ ತೀರ್ಮಾನ. ಮೂರು ಗಂಟೆ ಕಬ್ಬನ್ ಪಾರ್ಕಿನ ಬಿದಿರುಮೆಳೆಯ ಹತ್ತಿರ ಇರುವೆ ನೋಡುತ್ತ ಕೂತರೂ ಇರುವೆಯ ಕಾಲು ಎಷ್ಟೆಂದು ಯಾರೂ ಕೇಳಬಾರದು. ಮನೆಗೆ ಬಂದ ಮೇಲೂ ಕೇಳಬಾರದು. ಇದೇ ಅವರಿಗೆ ಕಷ್ಟವೆನಿಸಿದ್ದು. ಅಮ್ಮನಿಲ್ಲದ ಜಾಗವೊಂದು ಹುಡುಗಿಗೆ ಬೇಕು, ಬಡಾವಣೆಯ ಮೈದಾನದ ಖೋ ಖೋ ಆದರೂ ಸರಿ. ಹತ್ತನೇ ತರಗತಿಯ ಚಿಂತೆಗೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆಯಿದೆ, ಒಂಬತ್ತಕ್ಕೇ ಅದನ್ನು ಹೊರುವುದು ಬೇಡ. ತಂದೆಯನ್ನು ಬೇರೆಯಾಗಿ ಕರೆಸಿ, ಭಾನುವಾರದ ಫೋನನ್ನು ಇನ್ನು ನೀವೇ ಎತ್ತಿ, ಶನಿವಾರದ ಪಾಠ ನಿಮ್ಮದು ಎಂದೆ. ಅವರು ಮೀಟಿಂಗುಗಳ ವಿಷಯ ಹೇಳತೊಡಗಿದರು. ವರ್ಷದೊಳಗೆ ಇಷ್ಟೂ ಆಗದಿದ್ದರೆ ಮತ್ತೊಂದು ಒಳ್ಳೆಯ ಶಾಲೆ ಹುಡುಕುವುದೇ ಮೇಲು ಎಂದು ಖಡಾಖಂಡಿತವಾಗಿ ಹೇಳಿದೆ.

ಮೊದಲೇ ಶಾಲೆಗೆ ಸೇರಿಸಿ ಎನ್ನಬಹುದಿತ್ತಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆ ವಾಂತಿಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಮನೆಶಾಲೆಯ ಪರ ವಕಾಲತ್ತು ವಹಿಸುವವಳೂ ನಾನಲ್ಲ. ಒಬ್ಬ ಹೆಂಗಸೇ ಟೀಚರ್, ಅಡುಗೆಯವಳು, ಡ್ರೈವರ್, ಆಯಾ ಎಲ್ಲವೂ ಆಗುವ ಏರ್ಪಾಡಿನ ಮೇಲೆ ನನಗೆ ಸಿಟ್ಟಿದೆ. ಆದರೆ ಬೇಸಿಗೆ ಶಿಬಿರದಿಂದ ಕೀಬೋರ್ಡ್ ಕ್ಲಾಸಿಗೆ, ಅಲ್ಲಿಂದ ಈಜಿಗೆ ಓಡುವ ಶಾಲಾ ಮಕ್ಕಳೂ ಇದೇ ಕುರ್ಚಿಯಲ್ಲಿ ಕುಳಿತು ಇದೇ "ಗೊತ್ತಿಲ್ಲ" ಹೇಳುತ್ತಾರೆ. ಅವರ ತಂದೆತಾಯಂದಿರನ್ನು ಶಾಲೆ ಬಿಡಿಸಿ ಎಂದು ಯಾರೂ ಗದರುವುದಿಲ್ಲ.

ಏಪ್ರಿಲ್ ಕೊನೆಯಲ್ಲಿ ತಾಯಿಯ ಫೋನ್ ಬಂತು. ತಂದೆ ಎರಡು ಶನಿವಾರ ಪಾಠ ಮಾಡಿದ್ದರು, ಮೂರನೆಯದು ತಪ್ಪಿತ್ತು. ಖೋ ಖೋಗೆ ಹುಡುಗಿ ಒಪ್ಪಿರಲಿಲ್ಲ. ಕೆಳಗಿನ ಮನೆಯ ಹುಡುಗಿಯ ಜೊತೆ ಕುಂಟೆಬಿಲ್ಲೆ ಶುರುವಾಗಿತ್ತು. ಇಷ್ಟು ಹೇಳಿ ಅವರು ನಿಜವಾದ ವಿಷಯಕ್ಕೆ ಬಂದರು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಶೂನ್ಯ ನೆರಳಿನ ದಿನ ಬರುತ್ತದೆ. ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಅಂದು ಮಗಳನ್ನು ತಾರಸಿಗೆ ಕರೆದೊಯ್ದು ಒಂದು ಸ್ಟೀಲ್ ಲೋಟ ಬೋರಲು ಹಾಕಿ ಕಾದಿದ್ದಾರೆ. "ನೆರಳು ಎಲ್ಲಿ ಹೋಯಿತು ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ ಮೇಡಂ."

"ಅವಳು ಏನು ಮಾಡಿದಳು?"

"ಏನೂ ಕೇಳಲಿಲ್ಲ. ಕಾಲು ಸುಡುತ್ತಿದೆ ಎಂದು ಕೆಳಗೆ ಓಡಿಹೋದಳು. ವರ್ಷಕ್ಕೆ ಎರಡೇ ದಿನ ಅದು."

ಆಗಸ್ಟ್‌ನಲ್ಲಿ ಇನ್ನೊಂದು ಬರುತ್ತದಲ್ಲ ಎಂದೆ.

"ಆಗ ಮೋಡವಿರುತ್ತದೆ ಮೇಡಂ" ಎಂದರು.