ಪಿ.ಟಿ. ಟೀಚರ್ ಸರೀನಾ ವೀಗ್ಮನ್: ಮಾಸ್ತರ ಪತ್ರಕ್ಕೆ ಉತ್ತರ

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡ್ ಮಹಿಳಾ ಫುಟ್ಬಾಲ್ ತಂಡದ ಡಚ್ ಕೋಚ್ ಸರೀನಾ ವೀಗ್ಮನ್ ಬಗ್ಗೆ ಮೂರು ಪುಟ ಬರೆದಿದ್ದೀರಿ. ಆಟಗಾರ್ತಿಯಾಗಿ ಅವರು ಗೆದ್ದದ್ದೇನು? 2025ರ ಯೂರೋ ಕಪ್ ಸಿಕ್ಕಿದ್ದು ಪೆನಾಲ್ಟಿಯ ಅದೃಷ್ಟದಿಂದ. ಬೆವರು ಹುಡುಗಿಯರದು, ಹೊಗಳಿಕೆ ಕೋಚಿಗೆ. ಇದು ಸರಿಯಾ? ಇನ್ನೊಂದು ಮಾತು. ನನ್ನ ಮೊಮ್ಮಗಳು ಫುಟ್ಬಾಲ್ ಶುರು ಮಾಡಿದ್ದಾಳೆ. ಅವಳಿಗೆ ತೋರಿಸೋಕೆ ಒಂದು ಒಳ್ಳೆ ಪಂದ್ಯ ಹೇಳಿ.” (ನಿವೃತ್ತ ಪಿ.ಟಿ. ಮಾಸ್ತರು, ಧಾರವಾಡ)

ಮಾಸ್ತರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಕಳೆದ ಲೇಖನದಲ್ಲಿ ನಾವು ಇದನ್ನು ಬಿಟ್ಟದ್ದು ದೊಡ್ಡ ತಪ್ಪು. ವೀಗ್ಮನ್ ಕೂಡ ನಿಮ್ಮ ಹಾಗೆ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು.

ಆಟಗಾರ್ತಿಯಾಗಿ ಗೆದ್ದದ್ದೇನು ಅಂತ ಕೇಳಿದ್ದೀರಿ. ಅವರು ಹುಟ್ಟಿದ್ದು 1969ರಲ್ಲಿ, ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ. ಅವರಿಗೆ ಆರು ವರ್ಷವಾದಾಗ ಅಲ್ಲಿ ಹುಡುಗಿಯರು ಕ್ಲಬ್ಬಿನಲ್ಲಿ ಫುಟ್ಬಾಲ್ ಆಡುವ ಹಾಗೇ ಇರಲಿಲ್ಲ. ಕೂದಲು ಗಿಡ್ಡ ಮಾಡಿಕೊಂಡು ಹುಡುಗರ ಜೊತೆ ಆಡಿದರು. ಮುಂದೆ ಡಚ್ ತಂಡಕ್ಕೆ ಸುಮಾರು ನೂರು ಪಂದ್ಯ ಆಡಿದರು, ನಾಯಕಿಯೂ ಆದರು. ಆದರೆ ಅವರು ಆಡುವಷ್ಟು ಕಾಲ ಆ ತಂಡ ಒಂದು ಸಲವೂ ವಿಶ್ವಕಪ್ಪಿಗೆ ಹೋಗಲಿಲ್ಲ, ಯುರೋಪ್ ದೇಶಗಳ ಟೂರ್ನಿಯಾದ ಯೂರೋಗೂ ಹೋಗಲಿಲ್ಲ. ಅವರ ಆಟ ಕಡಿಮೆ ಇತ್ತು ಅಂತಲ್ಲ. ಆ ದೇಶದಲ್ಲಿ ಹೆಂಗಸರ ಫುಟ್ಬಾಲಿಗೆ ಬೇಕಾದ ಏರ್ಪಾಡೇ ಇರಲಿಲ್ಲ.

ಏರ್ಪಾಡು ಇದ್ದರೆ ಹೇಗಿರುತ್ತದೆ ಅಂತ ಅವರು ಕಣ್ಣಾರೆ ನೋಡಿದ್ದರು. 1989ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ ಮುಂದೆ ಅಮೆರಿಕದ ದೊಡ್ಡ ಆಟಗಾರ್ತಿಯಾದ ಮಿಯಾ ಹ್ಯಾಮ್ ಅಂಥವರ ಜೊತೆ ಆಡಿದರು. ಅಲ್ಲಿ ಒಳ್ಳೆ ಮೈದಾನವಿತ್ತು, ದಿನಾ ತರಬೇತಿ ಇತ್ತು. ಊರಿಗೆ ವಾಪಸ್ ಬಂದರೆ ಯಾವುದೂ ಇಲ್ಲ. ಹೊಟ್ಟೆಪಾಡಿಗೆ ಶಾಲೆಯ ಕೆಲಸ, ಆಟಕ್ಕೆ ಟೆರ್ ಲೇಡೆ ಕ್ಲಬ್. 2007ರಲ್ಲಿ ಡಚ್ ಮಹಿಳಾ ಲೀಗ್ ಶುರುವಾಯಿತು. ಆಗ ಎಡಿಒ ಡೆನ್ ಹಾಗ್ ತಂಡದ ಕೋಚ್ ಆದರು. 2012ರಲ್ಲಿ ಆ ತಂಡ ಲೀಗ್ ಗೆದ್ದಿತು.

2017ರ ಜನವರಿಯಲ್ಲಿ ರಾಷ್ಟ್ರೀಯ ತಂಡ ಅವರ ಕೈಗೆ ಬಂತು. ಹಿಂದಿನ ಕೋಚನ್ನು ಆಗಷ್ಟೇ ತೆಗೆದಿದ್ದರು. ಯೂರೋಗೆ ಉಳಿದದ್ದು ಆರೇಳು ತಿಂಗಳು. ಆ ಟೂರ್ನಿಯಲ್ಲಿ ತಂಡ ಆರಕ್ಕೆ ಆರೂ ಪಂದ್ಯ ಗೆದ್ದಿತು. ಫೈನಲ್ಲಿನಲ್ಲಿ ಡೆನ್ಮಾರ್ಕ್ ವಿರುದ್ಧ 4-2.

ಈಗ ನಿಮ್ಮ ಅದೃಷ್ಟದ ಮಾತಿಗೆ ಬರುತ್ತೇನೆ. 2025ರಲ್ಲಿ ಪೆನಾಲ್ಟಿ ಅವರ ಕೈ ಹಿಡಿದದ್ದು ನಿಜ. ಕ್ವಾರ್ಟರ್ ಫೈನಲ್ಲಿನಲ್ಲಿ ಸ್ವೀಡನ್ ವಿರುದ್ಧ, ಫೈನಲ್ಲಿನಲ್ಲಿ ಸ್ಪೇನ್ ವಿರುದ್ಧ, ಎರಡೂ ಸಲ ಶೂಟೌಟ್, ಅಂದರೆ ಸಮವಾದ ಪಂದ್ಯ ಪೆನಾಲ್ಟಿ ಒದೆತಗಳಲ್ಲಿ ತೀರ್ಮಾನ. ಆದರೆ ಟೋಕಿಯೊ ಒಲಿಂಪಿಕ್ಸಿನಲ್ಲಿ ಡಚ್ ತಂಡದ ಜೊತೆ ಇದೇ ಪೆನಾಲ್ಟಿಯಲ್ಲಿ ಅಮೆರಿಕದ ಎದುರು ಸೋತು ಹೊರಬಿದ್ದವರೂ ಅವರೇ ಅಲ್ವಾ? ಯೂರೋ, ವಿಶ್ವಕಪ್ ಎರಡೂ ಸೇರಿ ಸತತ ಐದು ಫೈನಲ್ ತಲುಪಿದ್ದಾರೆ. ಮೊದಲ ಎರಡು ಡಚ್ ತಂಡದ ಜೊತೆ, ಆಮೇಲಿನ ಮೂರು ಇಂಗ್ಲೆಂಡ್ ಜೊತೆ. ಮೂರು ಯೂರೋ ಗೆದ್ದರು, ಎರಡು ವಿಶ್ವಕಪ್ ಫೈನಲ್ ಸೋತರು. ಇಷ್ಟನ್ನೂ ಅದೃಷ್ಟದ ಲೆಕ್ಕಕ್ಕೆ ಬರೆಯೋಕೆ ನನಗೆ ಮನಸ್ಸು ಬರುವುದಿಲ್ಲ.

ಇನ್ನು ಬೆವರಿನ ಮಾತು. ನೀವು ಹೇಳಿದ್ದು ಸರಿ, ಗೋಲ್ ಹೊಡೆಯುವುದು ಹುಡುಗಿಯರೇ. ಆದರೆ ಯಾರನ್ನು, ಯಾವಾಗ ಇಳಿಸಬೇಕು ಅಂತ ತೀರ್ಮಾನ ಮಾಡುವವರು ಬೇಕಲ್ಲ? 2025ರಲ್ಲಿ ಮೊದಲ ಪಂದ್ಯವನ್ನೇ ಫ್ರಾನ್ಸಿಗೆ 1-2ರಲ್ಲಿ ಸೋತರು. ಮುಂದಿನ ಪಂದ್ಯ ವೀಗ್ಮನ್ ಅವರ ಸ್ವಂತ ದೇಶ ನೆದರ್ಲೆಂಡ್ಸ್ ವಿರುದ್ಧ. ಎಡಗಡೆ ಒದ್ದಾಡಿದ್ದ ಜೆಸ್ ಕಾರ್ಟರ್ ಅವರನ್ನು ಡಿಫೆನ್ಸಿನ ನಡುವಿಗೆ ತಂದರು. ಲಾರೆನ್ ಜೇಮ್ಸ್ ಅವರನ್ನು ಬಲಬದಿಗೆ ಕಳಿಸಿದರು. 4-0, ಅದರಲ್ಲಿ ಜೇಮ್ಸ್ ಹೊಡೆದದ್ದು ಎರಡು. ಸ್ವೀಡನ್ ಪಂದ್ಯದಲ್ಲಿ 0-2 ಹಿಂದಿದ್ದಾಗ ಹತ್ತೊಂಬತ್ತು ವರ್ಷದ ಮಿಶೆಲ್ ಆಗ್ಯೆಮಾಂಗ್ ಅವರನ್ನು ಇಳಿಸಿದರು. ಕ್ಲೋಯಿ ಕೆಲ್ಲಿ ಅವರನ್ನೂ ಇಳಿಸಿದರು. ಕೆಲ್ಲಿ ಕೊಟ್ಟ ಚೆಂಡಿಗೆ ಲೂಸಿ ಬ್ರಾನ್ಜ್ ತಲೆ ಕೊಟ್ಟು ಗೋಲ್ ಮಾಡಿದರು. ಎರಡೇ ನಿಮಿಷದಲ್ಲಿ ಆಗ್ಯೆಮಾಂಗ್ ಸಮ ಮಾಡಿದರು. ಸೆಮಿಫೈನಲ್ಲಿನಲ್ಲೂ ಗೋಲ್ ಹೊಡೆದದ್ದು ಬೆಂಚಿನಿಂದ ಎದ್ದು ಬಂದ ಇವರಿಬ್ಬರೇ.

ನಿಮ್ಮ ಶಾಲೆಯಲ್ಲೂ ತಂಡದಲ್ಲಿ ಜಾಗ ಸಿಗದೆ ಗೆರೆಯ ಆಚೆ ಕೂತ ಮಕ್ಕಳು ಇದ್ದೇ ಇರುತ್ತಾರೆ. ಅವರ ಮುಖ ಹೇಗಿರುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ವೀಗ್ಮನ್ ತಂಡದಲ್ಲಿ ಆ ಜಾಗದಿಂದ ಎದ್ದು ಬಂದವರು ಸಿದ್ಧರಾಗಿಯೇ ಬರುತ್ತಾರೆ. ನಾನು ಅವರನ್ನು ಮೆಚ್ಚುವುದು ಕಪ್ಪುಗಳಿಗಿಂತ ಜಾಸ್ತಿ ಇದಕ್ಕೇ.

ನಿಮ್ಮ ಮೊಮ್ಮಗಳಿಗೆ 2022ರ ಯೂರೋ ಫೈನಲ್ ತೋರಿಸಿ. ಲಂಡನ್ನಿನ ವೆಂಬ್ಲಿ ಮೈದಾನ, ಎದುರಾಳಿ ಜರ್ಮನಿ, ನೋಡಲು ಸೇರಿದವರು 87,192 ಜನ. ಇದೇ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ 1921ರಲ್ಲಿ ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರು ಆಡಬಾರದು ಅಂದಿತ್ತು. ಅರ್ಧ ಶತಮಾನ ಆ ನಿಷೇಧ ಇತ್ತು. ಅದನ್ನೂ ಅವಳಿಗೆ ಹೇಳಿ.

ಆ ಟೂರ್ನಿಯ ಆರೂ ಪಂದ್ಯಗಳನ್ನು ವೀಗ್ಮನ್ ಅದೇ ಹನ್ನೊಂದು ಜನರಿಂದ ಶುರು ಮಾಡಿದ್ದರು. ಫೈನಲ್ಲಿನಲ್ಲಿ ಮೂರೂ ಗೋಲ್ ಬಂದದ್ದು ಮಧ್ಯಂತರದ ನಂತರ. ಟೈಮ್ ಇಲ್ಲದಿದ್ದರೆ 55ನೇ ನಿಮಿಷದಿಂದ ಹಾಕಿ. ಆಗ ಎಲಾ ಟೂನ್, ಅಲೆಸಿಯಾ ರುಸೊ ಒಳಗೆ ಬರುತ್ತಾರೆ.  62ನೇ ನಿಮಿಷಕ್ಕೆ ಟೂನ್ ಗೋಲ್, ಸ್ವಲ್ಪ ಹೊತ್ತಿಗೆ ಕೆಲ್ಲಿಯೂ ಒಳಗೆ ಬರುತ್ತಾರೆ, ಆಮೇಲೆ ಜರ್ಮನಿ ಸಮ ಮಾಡುತ್ತದೆ, ಹೆಚ್ಚುವರಿ ಸಮಯದ 110ನೇ ನಿಮಿಷಕ್ಕೆ ಕೆಲ್ಲಿ ಗೋಲ್. ಪಂದ್ಯ ಮುಗಿದ ತಕ್ಷಣ ಟಿವಿ ಆರಿಸಬೇಡಿ. ವೀಗ್ಮನ್ ತಮ್ಮ ಕೈಬಳೆಗೆ ಮುತ್ತಿಡುತ್ತಾರೆ. ಅದು ಅವರ ಸಹೋದರಿಯದು. ಆ ಟೂರ್ನಿ ಶುರುವಾಗುವ ಕೆಲವೇ ವಾರ ಮುಂಚೆ ಅವರು ತೀರಿಕೊಂಡಿದ್ದರು.

-ಸಂಪಾದಕ