ತಮ್ಮನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ

ಜರ್ಮನಿಯ ಹ್ಯಾಂಬರ್ಗಿಗೆ ಬಂದ ಹೊಸತರಲ್ಲಿ ನೀವು ಎರಡು ವಿಷಯ ಕೇಳಿದ್ದೀರಿ: ಇಲ್ಲಿಯ ಬದುಕು ಹೇಗಿರುತ್ತದೆ ಎಂಬುದು ಒಂದು; ಊರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಿಮ್ಮ ತಮ್ಮ ‘ನಮ್ಮ ದೇಶ ಎಂದಾದರೂ ಹಾಗಾದೀತೇ’ ಎಂದರೆ ಏನು ಹೇಳಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಚಿಕ್ಕದು. ವಿಳಾಸದ ನೋಂದಣಿ, ಆರೋಗ್ಯ ವಿಮೆ, ಜರ್ಮನ್ ಕಲಿಕೆ, ಈ ಮೂರನ್ನು ಮುಂದೂಡದಿದ್ದರೆ ಉಳಿದದ್ದು ತಾನಾಗಿಯೇ ದಾರಿಗೆ ಬರುತ್ತದೆ. ಚಳಿಗಾಲದ ಕತ್ತಲೆಗೆ ಒಗ್ಗಿಕೊಳ್ಳಲು ಮಾತ್ರ ಸಮಯ ಹಿಡಿಯುತ್ತದೆ.

ನಲ್ಲಿಯ ನೀರನ್ನು ನೇರವಾಗಿ ಕುಡಿಯುವುದನ್ನು ಕಂಡು ಬೆರಗಾಯಿತೆಂದು ಬರೆದಿದ್ದೀರಿ. 1892ರಲ್ಲಿ ಇದೇ ನಗರದಲ್ಲಿ ಕಾಲರಾ 8,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆಗ ಎಲ್ಬೆ ನದಿಯ ನೀರನ್ನು ಸೋಸದೆಯೇ ಮನೆಮನೆಗೆ ಹರಿಸುತ್ತಿದ್ದರು. ಸೋಸುವ ವ್ಯವಸ್ಥೆಯ ಚರ್ಚೆ ವರ್ಷಗಟ್ಟಲೆ ಎಳೆದಾಡಿತ್ತು. ಆದರೆ ಪಕ್ಕದಲ್ಲೇ ಇದ್ದ, ಆಗಿನ್ನೂ ಬೇರೆ ನಗರವಾಗಿದ್ದ ಆಲ್ಟೋನಾ, ಹ್ಯಾಂಬರ್ಗಿನ ಕೊಳಚೆ ಸೇರಿದ ಮೇಲಿನ ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕೊಡುತ್ತಿದ್ದುದರಿಂದ ಬಹುಮಟ್ಟಿಗೆ ಪಾರಾಯಿತು. ಎರಡೂ ಕಡೆಯ ಜನರ ಭಾಷೆ, ನಡೆನುಡಿ ಎಲ್ಲ ಒಂದೇ. ಬೇರೆಯಾಗಿದ್ದದ್ದು ಮರಳಿನ ಹಾಸು. ಹ್ಯಾಂಬರ್ಗ್ ಮರುವರ್ಷವೇ ಅದನ್ನು ಸಿದ್ಧಪಡಿಸಿಕೊಂಡಿತು. ಆದ್ದರಿಂದ ‘ನಮ್ಮ ಜನರೇ ಹೀಗೆ, ಅವರ ಶಿಸ್ತೇ ಬೇರೆ’ ಎಂಬ ಮಾತನ್ನು, ಇಲ್ಲಿ ನೆಲೆಸಿದ ನಮ್ಮವರು ಎಷ್ಟೇ ಖಚಿತವಾಗಿ ಹೇಳಿದರೂ, ನೀವು ನಂಬಬೇಕಾಗಿಲ್ಲ.

ಹಾಗೆಂದು ಫೋನಿಗೆ ಬಂದು ಬೀಳುವ, ನಮ್ಮ ದೇಶವನ್ನು ಹೊಗಳುವ ಸಂದೇಶಗಳನ್ನು ತಮ್ಮನಿಗೆ ಕಳುಹಿಸಬೇಡಿ. ಆ ವಯಸ್ಸಿನವರು ಜಂಬವನ್ನು ಬೇಗ ಗುರುತಿಸುತ್ತಾರೆ. ಅದರ ಬದಲು ಭಾರತದ ಮೊದಲ ಉಪಗ್ರಹ ಆರ್ಯಭಟ ಹೇಗೆ ತಯಾರಾಯಿತೆಂದು ಹೇಳಿ. ಬಾಹ್ಯಾಕಾಶ ವಿಜ್ಞಾನಿ ಯು. ಆರ್. ರಾವ್ ಅವರ ನೇತೃತ್ವದ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಅದನ್ನು ಕಟ್ಟಿತು. ತಂಡದಲ್ಲಿ ಹೆಚ್ಚಿನವರು ಅದುವರೆಗೆ ಉಪಗ್ರಹವನ್ನೇ ಮುಟ್ಟದ ತರುಣರು. ಮಾಹಿತಿ ಸ್ವೀಕರಿಸಲು ಕೋಣೆ ಸಾಲದೆ ಒಂದು ಶೌಚಾಲಯವನ್ನೇ ಅದಕ್ಕೆ ಮಾರ್ಪಡಿಸಿಕೊಂಡಿದ್ದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೆ ಸೇರಿಸಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಈ ಕೊನೆಯ ವಾಕ್ಯವನ್ನು ಬಿಡದೆ ಹೇಳಿ, ಏಕೆಂದರೆ ಆ ತಂಡ ಅಲ್ಲಿಗೆ ಕೈಚೆಲ್ಲಲಿಲ್ಲ. 1979ರಲ್ಲಿ ಮುಂದಿನ ಉಪಗ್ರಹ ಭಾಸ್ಕರ ಹಾರಿತು.

ಅತಿಶೀತದಲ್ಲಿ ದ್ರವವಾಗಿಸಿದ ಇಂಧನದಿಂದ ನಡೆಯುವ ಕ್ರಯೋಜೆನಿಕ್ ರಾಕೆಟ್ ಎಂಜಿನ್ನಿನದೂ ಇಂಥದೇ ಕಥೆ. 1993ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ರಷ್ಯಾ ಅದರ ತಂತ್ರಜ್ಞಾನವನ್ನು ಭಾರತಕ್ಕೆ ಕೊಡಲು ಹಿಂದೆಗೆಯಿತು. ನಾವೇ ಮಾಡಿಕೊಂಡ ಎಂಜಿನ್ 2010ರ ಮೊದಲ ಹಾರಾಟದಲ್ಲಿ ಸೋತು, 2014ರ ಜನವರಿಯಲ್ಲಿ ಗೆದ್ದಿತು. ಇಷ್ಟು ದೀರ್ಘ ಕೆಲಸದಲ್ಲಿ ಒಬ್ಬರು ನಿವೃತ್ತರಾದರೆ ಮತ್ತೊಬ್ಬರು ಮುಂದುವರಿಸಬೇಕು, ಹಣ ನಿಲ್ಲಬಾರದು, ಸೋಲಿನ ವರದಿಯನ್ನು ಯಾರೂ ಬಚ್ಚಿಡಬಾರದು. ನಮ್ಮ ನಗರಸಭೆಗಳಲ್ಲಿ ಈ ಮೂರೂ ಅಪರೂಪವೆಂಬುದು ನಿಮ್ಮ ತಮ್ಮನಿಗೆ ಗೊತ್ತಿದ್ದೇ ಇರುತ್ತದೆ. ಅದನ್ನು ಒಪ್ಪಿಕೊಂಡೇ ಮಾತಾಡಿ. ಒಂದು ಕಡೆ ಸಾಧ್ಯವಾದದ್ದು ಇನ್ನೊಂದು ಕಡೆ ಏಕಾಗಲಿಲ್ಲ ಎಂಬ ಪ್ರಶ್ನೆ ಹತಾಶೆಯದಲ್ಲ, ಎಂಜಿನಿಯರಿಂಗ್ ಓದುವವನಿಗೆ ತಕ್ಕದ್ದು.

ಅವನೂ ಹೊರಗೆ ಬಂದು ಓದುತ್ತೇನೆಂದರೆ ತಡೆಯಬೇಡಿ. ರಾವ್ ಅವರೂ ಅಮೆರಿಕದಲ್ಲಿ ಸಂಶೋಧನೆ ಮಾಡಿ 1966ರಲ್ಲಿ ಮರಳಿದವರೇ. ಏನನ್ನು ಕಲಿಯಲು ಬರುತ್ತಿದ್ದಾನೆಂಬುದನ್ನು ಮಾತ್ರ ಅವನು ಅರ್ಜಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಿ.